ಯಾರೂ ಓಡಾಡದ ಕಮಾನು

ಆ ಕಮಾನಿನ ಕೆಳಗೆ ಯಾರೂ ಓಡಾಡುವುದಿಲ್ಲ ಎಂದು ಹೇಳಿದವಳು ನಾನು. ಅದು ಸುಳ್ಳು. ಹೇಳುವಾಗಲೇ ಸುಳ್ಳೆಂದು ಗೊತ್ತಿತ್ತು — ಪಾಪ, ತಿಳಿಯದೆ ಆಡಿದ ಮಾತು ಎಂದು ಯಾರೂ ನನ್ನ ಪರವಾಗಿ ವಾದಿಸುವುದು ಬೇಡ.

ಹೋದ ವಾರ ನಮ್ಮ ಬಡಾವಣೆಯವರು ಬಂದಿದ್ದರು. ಒಂದು ನೆನಪಿನ ಸಂಚಿಕೆ ತರುತ್ತಾರಂತೆ. ‘ನೀವು ಹೆಡ್‌ಮಿಸ್ಸಾಗಿದ್ದವರು, ಇಲ್ಲಿನ ಸೇತುವೆಗಳ ಚರಿತ್ರೆ ಬರೆದುಕೊಡಿ’ ಎಂದರು. ಒಪ್ಪಿಕೊಂಡೆ. ಹೊಳೆನರಸೀಪುರದಲ್ಲೇ ಹುಟ್ಟಿ ಬೆಳೆದವಳಿಗೆ ಅದೇನು ಕಷ್ಟ? ಹರಿಗೋಲಿನಲ್ಲಿ ಹೇಮಾವತಿ ದಾಟುತ್ತಿದ್ದ ಕಾಲದ ಬಗ್ಗೆ ಅಜ್ಜಿ ಹೇಳಿದ್ದನ್ನು ಬರೆದೆ. ರಸ್ತೆ ಸೇತುವೆಯ ಬಗ್ಗೆ ಬರೆದೆ — ಹೊಳೆ ತುಂಬಿ ಬಂದಾಗ ಊರೆಲ್ಲ ಹೋಗಿ ಅದರ ಮೇಲೆ ನಿಂತು ನೀರು ನೋಡುತ್ತಿದ್ದದ್ದು. ರೈಲು ಸೇತುವೆಯ ಬಗ್ಗೆಯೂ — ಮೈಸೂರಿನ ಗಾಡಿ ಅದರ ಮೇಲೆ ಬಂದಾಗ ಸದ್ದು ಬದಲಾಗುತ್ತಿತ್ತು, ಆ ಸದ್ದು ಕೇಳಿ ಅಮ್ಮ ಅನ್ನಕ್ಕೆ ಇಡುತ್ತಿದ್ದಳು. ಆಮೇಲೆ ಮೂರನೆಯ ಸೇತುವೆಗೆ ಬಂದೆ. ಮೂರು ದಿನದಿಂದ ಅಲ್ಲೇ ನಿಂತಿದ್ದೇನೆ. ಕೂರುತ್ತೇನೆ, ಏಳುತ್ತೇನೆ, ಹಿತ್ತಿಲಿಗೆ ಹೋಗಿ ಒಣಗದ ಬಟ್ಟೆಯನ್ನು ಮುಟ್ಟಿ ನೋಡಿ ಬರುತ್ತೇನೆ. ಸಂಚಿಕೆಗೆ ಏನು ಕೊಡುತ್ತೇನೋ ಗೊತ್ತಿಲ್ಲ. ಇದನ್ನಂತೂ ಮೊದಲು ಬರೆಯಬೇಕು.

ಅದನ್ನು ಸೇತುವೆ ಎಂದು ಕರೆಯುತ್ತಿದ್ದವರೂ ಕಡಿಮೆ. ನಮ್ಮ ಬಡಾವಣೆಗೂ ಹಳ್ಳದಕೊಪ್ಪಲಿಗೂ ನಡುವೆ ರೈಲು ಹಳಿಯ ಎತ್ತರದ ಏರಿ ಇದೆ. ಆ ಏರಿಯ ಬುಡದಲ್ಲಿ ಹಳ್ಳದ ನೀರು ಹೋಗಲೆಂದು ಹಿಂದೆ ಯಾವಾಗಲೋ ಕಲ್ಲಿನ ಮೂರು ಕಮಾನು ಕಟ್ಟಿದ್ದರು. ನೀರು ಹರಿಯುತ್ತಿದ್ದದ್ದು ಎರಡರಲ್ಲಿ ಮಾತ್ರ. ನಮ್ಮ ಶಾಲೆಯ ಕಡೆಗಿದ್ದ ಮೂರನೆಯದು ಮಳೆಗಾಲದಲ್ಲೂ ಒಣಗಿರುತ್ತಿತ್ತು. ಕೊಪ್ಪಲಿನವರ ದಾರಿ ಅದೇ. ಶಾಲೆಗೆ ಬರುವ ಮಕ್ಕಳು, ಸೊಪ್ಪಿನ ಕುಕ್ಕೆ ಹೊತ್ತ ಹೆಂಗಸರು, ಬಸುರಿಯನ್ನು ಆಸ್ಪತ್ರೆಗೆ ಕರೆತರುವವರು — ಎಲ್ಲರೂ ಅದರ ಕೆಳಗೇ ಬರುತ್ತಿದ್ದರು. ಅದು ಬಿಟ್ಟರೆ ರೈಲ್ವೆ ಗೇಟು. ಅಲ್ಲಿಗೆ ಒಂದೂವರೆ ಮೈಲಿ ಸುತ್ತು.

ನನ್ನ ಅಪ್ಪನ ದಾರಿಯೂ ಅದೇ ಆಗಿತ್ತು.

ಅಪ್ಪ ನಿವೃತ್ತ ಮೇಷ್ಟ್ರು. ಅಮ್ಮ ಹೋದ ಮೇಲೆ ದೇವಸ್ಥಾನದ ಬೀದಿಯ ಮನೆ ಬಿಟ್ಟು ನಮ್ಮೊಡನೆಯೇ ಇದ್ದರು. ಆಗ, ತೊಂಬತ್ತರ ದಶಕದ ಆರಂಭದಲ್ಲಿ, ದೊಡ್ಡವರಿಗೆ ಅಕ್ಷರ ಕಲಿಸುವ ಗದ್ದಲ ಎಲ್ಲ ಕಡೆ ಇತ್ತಲ್ಲ — ಅಪ್ಪ ಕೊಪ್ಪಲಿಗೆ ಹೋಗಿ ಸ್ಲೇಟು ಹಿಡಿಸತೊಡಗಿದರು. ಒಂದು ವರ್ಷಕ್ಕೆ ಆ ತರಗತಿ ನಿಂತಿತು. ಅಪ್ಪ ನಿಲ್ಲಲಿಲ್ಲ. ದಿನಾ ಮಧ್ಯಾಹ್ನ ಮೂರಕ್ಕೆ ಕೊಡೆ ಹಿಡಿದು ಹೊರಡುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಸಿದ್ದಮ್ಮನ ಮನೆಗೆ ಹೋಗುತ್ತಾರೆ ಎಂದು ನನಗೆ ಹೇಳಿದ್ದು ನಮ್ಮ ಶಾಲೆಯ ಆಯಾ.

ಸಿದ್ದಮ್ಮ ಸೊಪ್ಪು ಮಾರುವವಳು. ಗಂಡ ಸತ್ತು ಬಹಳ ವರ್ಷವಾಗಿತ್ತು. ನಮ್ಮ ಮನೆಗೂ ದಂಟಿನ ಸೊಪ್ಪು ತರುತ್ತಿದ್ದಳು; ಬಾಗಿಲ ಹೊರಗೆ ನಿಂತೇ ಕೊಟ್ಟು ಹೋಗುತ್ತಿದ್ದಳು.

ಒಂದು ದಿನ, ಅವರೆಕಾಯಿ ಕಾಲ, ನಾನು ಅಪ್ಪನ ಹಿಂದೆಯೇ ಹೋದೆ. ಮಗಳು ಅಪ್ಪನ ಮೇಲೆ ಕಣ್ಣಿಡುವುದು — ಬರೆಯುವುದಕ್ಕೇ ನಾಚಿಕೆ. ಕಮಾನಿನಿಂದ ಆಚೆ ಬಂದರೆ ಮೂರನೆಯ ಮನೆಯೇ ಅವಳದು. ಅಂಗಳದಲ್ಲಿ ಇಬ್ಬರೂ ಎದುರುಬದುರು ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಅಪ್ಪನ ಪಕ್ಕದಲ್ಲಿ ಅರ್ಧ ತಿಂದ ರಾಗಿ ರೊಟ್ಟಿಯ ತಟ್ಟೆ. ಸಿದ್ದಮ್ಮ ಏನೋ ಹೇಳಿದಳು. ಅಪ್ಪ ನಕ್ಕರು.

ಅಷ್ಟೇ. ಅದಕ್ಕಿಂತ ಹೆಚ್ಚಿನದೇನನ್ನೂ ನಾನು ಎಂದೂ ನೋಡಲಿಲ್ಲ. ಆದರೆ ಆ ನಗು — ಅಮ್ಮ ಹೋದ ಮೇಲೆ ನಮ್ಮ ಮನೆಯಲ್ಲಿ ನಾನು ಕೇಳಿರಲಿಲ್ಲ. ರೊಟ್ಟಿಗಿಂತ, ಜಾತಿಗಿಂತ, ಜನರ ಮಾತಿಗಿಂತ, ನನ್ನನ್ನು ಸುಟ್ಟದ್ದು ಆ ನಗು. ಇದನ್ನು ಒಪ್ಪಿಕೊಳ್ಳುವುದಕ್ಕೆ ನನಗೆ ಎಷ್ಟೋ ವರ್ಷ ಬೇಕಾಯಿತು. ಆಗ ಅದನ್ನು ಮಗಳ ಮದುವೆಯ ಚಿಂತೆ ಎಂದುಕೊಂಡಿದ್ದೆ. ಅರಕಲಗೂಡಿನಿಂದ ಸುಮಳನ್ನು ನೋಡಲು ಬಂದವರಲ್ಲಿ ಹುಡುಗನ ಸೋದರತ್ತೆ ಕಾಫಿ ಲೋಟ ಕೆಳಗಿಡುತ್ತ, ‘ನಿಮ್ಮ ತಂದೆಯವರು ದಿನಾ ಹಳಿ ಆಚೆ ಹೋಗಿಬರ್ತಾರಂತಲ್ಲ?’ ಎಂದಿದ್ದರು. ಆ ಸಂಬಂಧ ಮುಂದುವರಿಯಲಿಲ್ಲ. ಮಾರನೆಯ ವರ್ಷ ಚನ್ನರಾಯಪಟ್ಟಣದ ಹುಡುಗನೊಡನೆ ಸುಮಳ ಮದುವೆಯಾಯಿತು. ಅವರಾರೂ ಅಪ್ಪನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಆದರೆ ಅಷ್ಟು ಹೊತ್ತಿಗೆ ನಾನು ಮಾಡುವುದನ್ನು ಮಾಡಿಯಾಗಿತ್ತು.

ಒಮ್ಮೆ ಅಪ್ಪನಿಗೇ ಹೇಳಿ ನೋಡಿದ್ದೆ. ‘ಇನ್ನು ಅಲ್ಲಿಗೆ ಹೋಗಬೇಡಿ ಅಪ್ಪ.’

‘ಯಾಕಮ್ಮ?’

‘ಮೊಣಕಾಲು ನೋವಲ್ಲವೇ…’ ಎಂದೆ.

‘ಅಯ್ಯೋ, ಕಮಾನಿದೆಯಲ್ಲ. ಹತ್ತೋದಿಲ್ಲ, ಇಳಿಯೋದಿಲ್ಲ. ಅದಿರೋತನಕ ನನ್ನ ಕಾಲಿಗೇನೂ ಆಗಲ್ಲ’ ಎಂದು ಹೊರಟೇಬಿಟ್ಟರು.

ಆ ಶ್ರಾವಣದಲ್ಲಿ ಇಂಜಿನಿಯರು ಬಂದರು. ಹಳೆಯ ಮೀಟರ್‌ಗೇಜ್ ಹಳಿ ತೆಗೆದು ದೊಡ್ಡ ಹಳಿ ಹಾಕುವ ಕೆಲಸ ಶುರುವಾಗಿತ್ತು. ಏರಿಯನ್ನು ಅಗಲ ಮಾಡಬೇಕು, ಸಣ್ಣ ಸೇತುವೆಗಳನ್ನೆಲ್ಲ ಹೊಸದಾಗಿ ಕಟ್ಟಬೇಕು. ಅವರಿಗೆ ಮೂವತ್ತು ಇದ್ದಿರಬಹುದು, ತುಂಬ ಮರ್ಯಾದಸ್ಥ. ಕುಡಿಯಲು ನೀರು ಕೇಳಿ ಶಾಲೆಗೆ ಬಂದರು. ನನ್ನ ಮೇಜಿನ ಮೇಲೆ ನಕ್ಷೆ ಹರಡಿ ಆ ಮೂರು ಕಮಾನಿನ ಮೇಲೆ ಪೆನ್ಸಿಲ್ ಇಟ್ಟರು.

‘ಮೇಡಂ, ಇದರಲ್ಲಿ ಜನ ಓಡಾಡ್ತಾರಾ? ಓಡಾಡೋದಾದ್ರೆ ಇಲ್ಲೊಂದು ದಾರಿ ಬಿಟ್ಟು ಕಟ್ತೀವಿ. ಇಲ್ಲಾಂದ್ರೆ ನೀರಿಗೊಂದು ಪೈಪು ಹಾಕಿ ಮುಚ್ಚಿಬಿಡೋದು.’

ಕಿಟಕಿಯಿಂದ ಕಮಾನು ಕಾಣುತ್ತಿತ್ತು. ಕೊಪ್ಪಲಿನ ಅರ್ಧ ಜನ ಹೊಗೆಸೊಪ್ಪಿನ ಕೆಲಸಕ್ಕೆಂದು ರಾಮನಾಥಪುರದ ಕಡೆ ಹೋಗಿದ್ದ ತಿಂಗಳು ಅದು. ಆ ಹೊತ್ತಿನಲ್ಲಿ ದಾರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

‘ಆ ಕಮಾನಿನ ಕೆಳಗೆ ಯಾರೂ ಓಡಾಡಲ್ಲ’ ಎಂದೆ.

‘ಶಾಲೆ ಮಕ್ಕಳು?’

‘ಗೇಟಿನ ಕಡೆಯಿಂದ ಬರ್ತಾರೆ.’

ಪಕ್ಕದ ಕೋಣೆಯಲ್ಲಿ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಅವರಲ್ಲಿ ಹದಿನೈದೋ ಇಪ್ಪತ್ತೋ ಮಕ್ಕಳು ಆ ಬೆಳಿಗ್ಗೆ ತಾನೇ ಅದೇ ಕಮಾನಿನ ಕೆಳಗೆ ನಡೆದು ಬಂದವರು — ಅವರ ದನಿ ಕೇಳುತ್ತಲೇ ನಾನು ಆ ಮಾತು ಹೇಳಿದೆ. ಇಂಜಿನಿಯರು ತಮ್ಮ ಪುಸ್ತಕದಲ್ಲಿ ಗುರುತು ಮಾಡಿಕೊಂಡು, ನೀರಿಗೆ ಥ್ಯಾಂಕ್ಸ್ ಹೇಳಿ ಹೋದರು. ಅವರದೇನೂ ತಪ್ಪಿಲ್ಲ. ಊರಿನ ಹೆಡ್‌ಮಿಸ್ಸಿನ ಮಾತು ನಂಬದೆ ಇನ್ನಾರ ಮಾತು ನಂಬಬೇಕಿತ್ತು?

ಮುಚ್ಚಿದ ದಿನ ಅಪ್ಪ ಎಂದಿನಂತೆ ಮೂರಕ್ಕೆ ಹೊರಟವರು ಹತ್ತು ನಿಮಿಷದಲ್ಲಿ ವಾಪಸು ಬಂದರು. ‘ಮಣ್ಣು ತುಂಬಿಬಿಟ್ಟಿದ್ದಾರೆ ವಿಮಲ’ ಎಂದರು. ಚಪ್ಪಲಿ ಬಿಡದೆ ಜಗಲಿಯ ಮೇಲೆ ಹಾಗೇ ಕೂತರು. ಏರಿ ಹತ್ತಿ ಹಳಿ ದಾಟುವುದು ಅವರ ಮೊಣಕಾಲಿಗೆ ಆಗದ ಮಾತು. ಗೇಟಿನವರೆಗೆ ನಡೆಯುವುದೂ ಅಷ್ಟೇ.

ಆಮೇಲೆ ಅವರು ಮಾಡಿದ್ದು — ಒಂದು ಅರ್ಜಿ ಬರೆದರು. ಮುತ್ತಿನಂಥ ಅಕ್ಷರದಲ್ಲಿ ಎರಡು ಪುಟ. ಕೊಪ್ಪಲಿನವರಿಂದ ಹೆಬ್ಬೆಟ್ಟು ಒತ್ತಿಸಲು ಕಳಿಸಿದರು; ತಾವೇ ಅಕ್ಷರ ಕಲಿಸಿದ ಕೆಲವರು ಸಹಿಯನ್ನೇ ಹಾಕಿದ್ದರು. ಕೊನೆಗೆ ನನ್ನ ಮುಂದೆ ಇಟ್ಟರು. ‘ನೀನು ಹೆಡ್‌ಮಿಸ್ಸು. ನಿನ್ನ ಸಹಿ ಇದ್ದರೆ ತೂಕ.’

ನಾನು ಸಹಿ ಹಾಕಿದೆ. ಶಾಲೆಯ ಮೊಹರನ್ನೂ ಒತ್ತಿದೆ.

ಕೆಲವು ತಿಂಗಳ ಮೇಲೆ ಉತ್ತರ ಬಂತು. ಸ್ಥಳೀಯರನ್ನು ವಿಚಾರಿಸಿಯೇ ಮುಚ್ಚಲಾಗಿದೆ, ಈಗೇನೂ ಮಾಡಲಾಗದು ಎಂದಿತ್ತು. ಅಪ್ಪ ಆ ಕಾಗದವನ್ನು ಎರಡು ಸಲ ಓದಿದರು. ‘ಸ್ಥಳೀಯರೇ ಹೇಳಿದ್ದಾರಂತೆ. ಯಾರಿರಬಹುದು ವಿಮಲ?’

ನಾನು ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಮಕ್ಕಳ ವಿಷಯ ಹೇಳಲೇಬೇಕು. ಗಂಡುಹುಡುಗರು ಏರಿ ಹತ್ತಿ ಹಳಿ ದಾಟಿ ಬರತೊಡಗಿದರು. ಗಾಡಿಯ ಸಿಳ್ಳು ಕೇಳಿದಾಗಲೆಲ್ಲ ನಾನು ಪಾಠ ನಿಲ್ಲಿಸಿ ಕಿಟಕಿಯ ಹತ್ತಿರ ಓಡುತ್ತಿದ್ದೆ. ಹೆಣ್ಣುಮಕ್ಕಳನ್ನು ಮನೆಯವರು ಹಳಿ ದಾಟಿಸಲಿಲ್ಲ. ಒಬ್ಬೊಬ್ಬರೇ ನಿಂತುಹೋದರು. ಏಳನೆಯ ತರಗತಿಯಲ್ಲಿ ಭಾಗ್ಯ ಎಂಬವಳಿದ್ದಳು. ಲೆಕ್ಕದಲ್ಲಿ ಅವಳಷ್ಟು ಚುರುಕು ಇನ್ನೊಬ್ಬರಿರಲಿಲ್ಲ. ಹಾಜರಿಯಲ್ಲಿ ಅವಳ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದು ನನ್ನ ಕೈಯೇ.

ಸಿದ್ದಮ್ಮ ಒಂದು ಸಲ ಬಂದಳು. ಗೇಟು ಸುತ್ತಿಕೊಂಡು, ಬಿಸಿಲಲ್ಲಿ, ಕುಕ್ಕೆ ಇಲ್ಲದೆ ಬರಿಗೈಯಲ್ಲಿ. ‘ಮೇಷ್ಟ್ರು ಅವ್ರಾ ವಿಮಲವ್ವ? ಸಾನೆ ದಿನಾಯ್ತು, ಬರ್ನೇ ಇಲ್ಲ. ಉಸಾರಾಗವ್ರಾ?’

ಅಪ್ಪ ಒಳಗಿನ ಕೋಣೆಯಲ್ಲಿದ್ದರು. ನಾನು ಹೊಸ್ತಿಲಿಗೆ ಅಡ್ಡ ನಿಂತೆ.

‘ಇನ್ನು ಬರಬೇಡ ಅಂತ ಅವರೇ ಹೇಳಿದ್ದಾರೆ. ಅವರಿಗೂ ಮಾನ ಮರ್ಯಾದೆ ಇದೆಯಲ್ಲ ಸಿದ್ದಮ್ಮ.’

ಅವಳು ನನ್ನನ್ನು ನೋಡಿದಳು. ಸೆರಗನ್ನು ತಲೆಯ ಮೇಲೆಳೆದುಕೊಂಡು ತಿರುಗಿ ನಡೆದಳು.

‘ಯಾರಮ್ಮ ಬಂದಿದ್ದು?’ ಎಂದು ಒಳಗಿನಿಂದ ಅಪ್ಪ ಕೇಳಿದರು.

‘ಯಾರೋ ತರಕಾರಿಯವಳು’ ಎಂದೆ.

ಅದಾಗಿ ಎರಡು ವರ್ಷ ಬದುಕಿದ್ದರು. ಬೈಯಲಿಲ್ಲ, ಕೊರಗಿದಂತೆಯೂ ತೋರಿಸಲಿಲ್ಲ; ಮಾತು ಕಡಿಮೆಯಾಯಿತು, ಅಷ್ಟೇ. ಕೊನೆಯ ವಾರ ಹಾಸಿಗೆ ಹಿಡಿದಿದ್ದಾಗ ನನ್ನ ಕೈ ಹಿಡಿದು, ‘ಸಿದ್ದಮ್ಮಂಗೆ ಒಂದು ಮಾತು ಹೇಳಿ ಕಳಿಸು. ಬಂದು ಹೋಗಲಿ’ ಎಂದರು. ಕಳಿಸುತ್ತೇನೆ ಎಂದೆ. ಮರುದಿನ ಕೇಳಿದರು, ಕಳಿಸಿದ್ದೇನೆ ಎಂದೆ. ಅದರ ಮರುದಿನ ಕೇಳಲಿಲ್ಲ — ಬಾಗಿಲ ಕಡೆ ಮುಖ ಮಾಡಿ ಮಲಗಿದ್ದರು. ನಾನು ಯಾರನ್ನೂ ಕಳಿಸಿರಲಿಲ್ಲ. ಆಗಲಾದರೂ ಕಳಿಸಬಹುದಿತ್ತು. ಮನೆ ತುಂಬ ನೆಂಟರಿದ್ದರು, ಏನೆಂದುಕೊಂಡಾರೋ ಎಂದು… ಇಲ್ಲ, ಅದು ಕಾರಣವಲ್ಲ. ಕಾರಣ ಹುಡುಕುವುದನ್ನು ಇಲ್ಲಿಗೆ ಬಿಡುತ್ತೇನೆ.

ಸುದ್ದಿ ಹೇಗೋ ಕೊಪ್ಪಲಿಗೆ ಮುಟ್ಟಿತ್ತು. ಸಿದ್ದಮ್ಮ ಗೇಟು ಸುತ್ತಿ ಬರುವಷ್ಟರಲ್ಲಿ ಅಪ್ಪನನ್ನು ಹೊಳೆದಂಡೆಗೆ ತೆಗೆದುಕೊಂಡು ಹೋಗಿಯಾಗಿತ್ತು. ಬೀದಿಯಲ್ಲಿ ಚೆಲ್ಲಿದ್ದ ಹೂವಿನ ಪಕ್ಕ ಸ್ವಲ್ಪ ಹೊತ್ತು ನಿಂತು ಹೋದಳಂತೆ.

ವರ್ಷಗಳು ಕಳೆದವು. ಎರಡು ಸಾವಿರದ ಈಚೆಗೆ ಕೊಪ್ಪಲಿನವರ ಓಡಾಟಕ್ಕೆಂದು ಏರಿಯ ಕೆಳಗೆ ಕಾಂಕ್ರೀಟಿನ ಹೊಸ ದಾರಿಯಾಯಿತು. ಆಟೋ ಹೋಗುವಷ್ಟು ಅಗಲ. ನಾನು ಆಗ ನಿವೃತ್ತಳಾಗಿದ್ದೆ. ದಾರಿ ತೆರೆದ ವಾರವೇ ಒಂದು ಮಧ್ಯಾಹ್ನ ನಡೆದುಹೋದೆ. ಎಂಟು ನಿಮಿಷವೂ ಹಿಡಿಯಲಿಲ್ಲ.

ಸಿದ್ದಮ್ಮ ಅಂಗಳದಲ್ಲಿ ಹುಣಿಸೆಹಣ್ಣು ಕುಟ್ಟುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಇಂಜಿನಿಯರಿಗೆ ಹೇಳಿದ್ದು, ಅವಳಿಗೆ ಹೇಳಿದ್ದು, ಅಪ್ಪ ಕರೆದದ್ದು, ನಾನು ಕಳಿಸದೆ ಇದ್ದದ್ದು. ಅಲ್ಲಲ್ಲಿ ಮಾತು ತಡವರಿಸಿತು. ಆದರೂ ಏನನ್ನೂ ಬಿಡಲಿಲ್ಲ.

ಅವಳ ಕೈಯಲ್ಲಿದ್ದ ಕಲ್ಲು ನಿಂತಿತ್ತು.

‘ಅಂಗಾರೆ ಮೇಷ್ಟ್ರು ಬರಬ್ಯಾಡ ಅಂದಿರ್ನಿಲ್ವಾ?’

‘ಇಲ್ಲ.’

‘ಕರ್ದಿದ್ರಾ?’

‘ಕರೆದಿದ್ದರು. ಎರಡು ದಿನ ಕೇಳಿದರು.’

ಅವಳು ಕಲ್ಲನ್ನು ಕೆಳಗಿಟ್ಟಳು. ಅಳುತ್ತಾಳೆ ಎಂದುಕೊಂಡೆ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತೇನೋ.

‘ನಾನು ಅವ್ರುನ್ನ ಬೈಕಂಡಿದ್ದೆ ಕಣವ್ವ’ ಎಂದಳು. ‘ನಮ್ ಮನೇಲಿ ಉಂಡು, ನಮ್ ಅಂಗ್ಳದಾಗೆ ಕುಂತು, ಆಮೇಲೆ ಮರ್ವಾದೆ ನೆಪ್ಪಾಯ್ತಾ ನಿಂಗೆ ಅಂತ. ಸತ್ ದಿನಾನೂ ಬೈಕಂಡೇ ಬಂದಿದ್ದೆ. ಇಲ್ಲೀಗಂಟ ಬೈಕಂಡೇ ಅವ್ನಿ. ಏನೂ ಮಾಡ್ದಿರೋ ಮನ್ಸನ್ನ ನನ್ ಬಾಯಾಗೆ ಬೈಸ್ಬುಟ್ಟಲ್ಲ ನೀನು.’

ಕ್ಷಮಿಸು ಎಂದು ಕೇಳಬೇಕೆಂದು ಹೊರಟಿದ್ದೆ. ಆ ಪದ ಅಲ್ಲಿ ಬಾಯಿಗೆ ಬರಲಿಲ್ಲ. ಬಂದಿದ್ದರೂ ಅದನ್ನು ಕೇಳುವ ಹಕ್ಕು ನನಗಿರಲಿಲ್ಲ.

‘ಓಗು ಇನ್ನ’ ಎಂದಳು. ಕೂಗಲಿಲ್ಲ. ಹುಣಿಸೆಹಣ್ಣಿನ ಮೊರವನ್ನು ಎತ್ತಿಕೊಂಡು ಒಳಗೆ ಹೋದಳು.

ಈಗಲೂ ವಾರಕ್ಕೊಮ್ಮೆ ಸಂತೆಯಲ್ಲಿ ಅವಳನ್ನು ಕಾಣುತ್ತೇನೆ. ಮೊಮ್ಮಗಳ ಹೆಗಲು ಹಿಡಿದು ನಡೆಯುತ್ತಾಳೆ. ನನ್ನನ್ನು ಕಂಡರೆ ಮುಖ ತಿರುಗಿಸುತ್ತಾಳೆ. ನಾನು ಬೇರೆ ಸಾಲಿಗೆ ಸರಿದುಹೋಗುವುದಿಲ್ಲ, ಕಾಣದವಳಂತೆ ತರಕಾರಿ ಆರಿಸುತ್ತ ಬಗ್ಗುವುದೂ ಇಲ್ಲ. ಅವಳು ದಾಟಿ ಹೋಗುವವರೆಗೆ ಇದ್ದಲ್ಲೇ ನಿಂತಿರುತ್ತೇನೆ.