ಮಂಚೇನಹಳ್ಳಿಯ ಅಮ್ಮಾಜಮ್ಮ ಮತ್ತು ಸಿಡುಬಿನ ದಾಕು

ನಮ್ಮ ಅತ್ತೆ ಅಮ್ಮಾಜಮ್ಮನಿಗೆ ನ್ಯಾಯವೆಂದರೆ ನ್ಯಾಯ. ಒಂದು ಹೋಳಿಗೆ ಇದ್ದರೂ ಮಗಳಿಗೂ ಸೊಸೆಗೂ ಸಮಪಾಲು. ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡಿ, ಆ ನ್ಯಾಯವೇ ನಮ್ಮ ಮನೆ ಹಾಳುಮಾಡಿತು.

ಐವತ್ತೆಂಟರ ಮಾತು. ನಾದಿನಿ ವೆಂಕಟರತ್ನಮ್ಮ ಬಾಣಂತನಕ್ಕೆ ತವರಿಗೆ ಬಂದಿದ್ದಳು. ನನ್ನ ಮಡಿಲಲ್ಲೂ ಎಳೆಗೂಸು. ಸಿಡುಬು ಬಾರದಂತೆ ಮಕ್ಕಳಿಗೆ ದಾಕು ಹಾಕುವ ಅಸದುಲ್ಲಾ ಬಂದು ನನ್ನ ಮಗನ ತೋಳಿಗೆ ಹಾಕಿದರು. ನಾದಿನಿಯ ಮಗಳ ಮೈಮೇಲಿನ ಇಸುಬು ನೋಡಿ ಸೂಜಿ ಒಳಗಿಟ್ಟರು.

“ಈ ಮಗೂಗೆ ಈಗ ಬೇಡಮ್ಮ. ಇಸುಬು ವಾಸಿಯಾಗ್ಲಿ.”

ನಾದಿನಿ ಮುಖ ಊದಿಸಿಕೊಂಡಳು. “ಸೊಸೆ ಮಗೂಗೆ ಆಯ್ತು. ನನ್ನ ಮಗು ಮಾರಮ್ಮನ ಬಾಯಿಗೆ ಬೀಳ್ಲಿ, ಅಲ್ವೇನಮ್ಮ?” ಅತ್ತೆ ಎರಡು ಕೂಸುಗಳನ್ನೂ ಒಮ್ಮೆ ನೋಡಿದರು.

ದಾಕು ಹಾಕಿದ ಮಕ್ಕಳನ್ನು ವಾರ ಬಿಟ್ಟು ಬಂದು ನೋಡುವುದೂ ಅಸದುಲ್ಲಾರ ಕೆಲಸ. ನನ್ನ ಮಗನ ಗುಳ್ಳೆ ಚೆನ್ನಾಗಿ ಎದ್ದಿದೆ, ದಾಕು ಹಿಡಿದಿದೆ ಎಂದು ಹೇಳಿ ಹೋದರು. ಅದಾಗಿ ಕೆಲವೇ ದಿನಕ್ಕೆ, ಅಯ್ಯಯ್ಯೋ, ನಾದಿನಿಯ ಕೂಸಿಗೆ ಇಸುಬಿದ್ದ ಕಡೆಯೆಲ್ಲ ಗುಳ್ಳೆ! ಕಣ್ಣು ಬಿಡಲಾರದು, ಹಾಲು ಕುಡಿಯಲಾರದು. ದಾಕಿನ ಔಷಧಿಯೇ ವಿಷವಂತೆ ಎಂದು ಕೇರಿಗೆ ಕೇರಿಯೇ ಬಾಗಿಲು ಹಾಕಿಕೊಂಡಿತು.

ಸುದ್ದಿ ಕೇಳಿ ಓಡಿಬಂದ ಅಸದುಲ್ಲಾ ಕೂಸನ್ನು ನೋಡಿ ಬಿಳಿಚಿಕೊಂಡರು. “ಇದಕ್ಕೆ ನಾನು ಹಾಕೇ ಇಲ್ವಲ್ಲಮ್ಮ! ಏನಾಯ್ತು, ನಿಜ ಹೇಳಿ. ಔಷಧಿ ಕೆಟ್ಟಿದ್ರೆ ಇವತ್ತೇ ಎಲ್ಲಾ ಕಡೆ ನಿಲ್ಲಿಸ್ಬೇಕು.”

ಅತ್ತೆ ಬಾಯಿಬಿಟ್ಟರು. “ನಾನೇ ಕಣಪ್ಪ. ಹುಡುಗನ ಗುಳ್ಳೆ ರಸಾನ ಜಾಲಿಮುಳ್ಳಲ್ಲಿ ತಗೊಂಡು ಇದರ ತೋಳಿಗೆ ಗೀರ್ದೆ. ಇಬ್ರೂ ಮೊಮ್ಮಕ್ಕಳೇ ಅಲ್ವಾ?”

ಮುಳ್ಳಲ್ಲಿ! ಅದೂ ಇಸುಬಿನ ಮೈಯ ಹಾಲುಗೂಸಿಗೆ! ನಾದಿನಿ ತಾಯಿಯ ಮಡಿಲಿಂದ ಮಗುವನ್ನು ಕಿತ್ತುಕೊಂಡಳು. ಗೌರಿಬಿದನೂರಿನ ಆಸ್ಪತ್ರೆಗೆ ಒಯ್ದೆವು. ಉಳಿಯಲಿಲ್ಲ.

ಆಮೇಲೆ ಅತ್ತೆ ಅಸದುಲ್ಲಾರ ಹಿಂದೆ ಮನೆಮನೆಗೆ ಹೋಗತೊಡಗಿದರು. “ತಪ್ಪು ಔಷಧಿದಲ್ಲ, ನಂದು. ನನ್ನಂಗೆ ಮಾಡ್ಬೇಡ್ರಮ್ಮ” ಎಂದು ಬೀದಿಯಲ್ಲಿ ನಿಂತು ಹೇಳುವರು. ಮನೆ ಮಾನವೆಲ್ಲ ಹೋಯಿತೆಂದು ನಾನು ಕೂಗಾಡಿದೆ. ಕೇಳಬೇಕಲ್ಲ! ಒಂದೊಂದೇ ಬಾಗಿಲು ತೆರೆಯಿತು.

ನಾಲ್ಕು ವರ್ಷದ ಮೇಲೆ ನಾದಿನಿಗೆ ಮತ್ತೆ ಮಗುವಾಯಿತು. ತವರಿಗೆ ಬರಲಿಲ್ಲ, ಹೇಳಿಯೂ ಕಳಿಸಲಿಲ್ಲ. ಅಲೀಪುರದ ಹತ್ತಿರದ ಅವಳ ಊರಿಗೆ ಅಸದುಲ್ಲಾ ಹೊರಟಾಗ ಅತ್ತೆ ನನ್ನನ್ನೂ ಎಳೆದುಕೊಂಡು ಹೋದರು. ನಾದಿನಿ ಅರ್ಧ ಬಾಗಿಲು ತೆರೆದು, ಮಗುವನ್ನು ಸೆರಗಲ್ಲಿ ಮುಚ್ಚಿಕೊಂಡಳು.

“ಸಾಬ್ರು ಬರ್ಲಿ. ಅತ್ತಿಗೆ, ನೀನೂ ಬಾ.”

ಅತ್ತೆ ಜಗಲಿಯ ಮೇಲೆ ಕೂತರು. ಒಳಗೆ ಹೋಗುತ್ತಿದ್ದ ನನ್ನ ಸೆರಗು ಹಿಡಿದು ಮೆಲ್ಲಗೆ ಕೇಳಿದರು: “ಗಂಡೋ ಹೆಣ್ಣೋ, ನೋಡ್ಕೊಂಡು ಬಂದು ಹೇಳೇ.”