ರತ್ನವ್ವನ ಅಗಿ ಹೋದ ಊರುಗಳಲ್ಲಿ

ಧಾರವಾಡದಿಂದ ಬೆಳಿಗ್ಗೆ ಏಳಕ್ಕೆ ಹೊರಟೆ. ಹೆಂಗಸರಿಗೆ ಬಸ್ಸು ಪುಕ್ಕಟೆ; ಆಧಾರ್ ಕಾರ್ಡ್ ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ಪಡೆದು ಕಿಟಕಿ ಪಕ್ಕ ಕೂತೆ. ಮೇ ತಿಂಗಳ ಬಿಸಿಲು ನನಗಿಂತ ಮೊದಲೇ ಅಲ್ಲಿ ಜಾಗ ಹಿಡಿದಿತ್ತು.

ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಸಣ್ಣ ಉದ್ಯಮದವರಿಗೆ ಬಂಡವಾಳದ ಸಲಹೆ ಕೊಡುವುದು ನನ್ನ ಕೆಲಸ. ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರಿನಲ್ಲಿ ರತ್ನವ್ವ ಎಂಬಾಕೆ ಮೆಣಸಿನ ಅಗಿ, ಅಂದರೆ ಸಸಿ, ಬೆಳೆಸಿ ಮಾರುತ್ತಾಳೆ. ಬಲೆ ಹೊದಿಸಿದ ನೆರಳುಮನೆ ಇರುವುದೊಂದೇ; ಅದು ಸಾಲದೆ ಇನ್ನೆರಡು ಕಟ್ಟುವ ಆಸೆ ಅವಳದು. ವ್ಯಾಪಾರಿಯೊಬ್ಬರು ‘ಹಣ ಪೂರ್ತಿ ನನ್ನದು, ಅರ್ಧ ಪಾಲು ಕೊಡು, ಬೋರ್ಡಿನ ಮೇಲೆ ನನ್ನ ಹೆಸರಿರಲಿ’ ಎಂದಿದ್ದರು. ಒಪ್ಪಲೋ ಬೇಡವೋ ಎಂದು ಆಕೆ ಫೋನಿನಲ್ಲಿ ಕೇಳಿದ್ದಳು. ‘ಒಪ್ಪಿಕೊಳ್ಳಿ’ ಎಂದು ನಾನು ಮನೆಯಲ್ಲೇ ಬರೆದಿಟ್ಟಿದ್ದೆ. ಆದರೂ ಅಗಿ ಕೊಳ್ಳುವ ರೈತರ ನಂಬರು ಆಕೆಯಿಂದಲೇ ಪಡೆದು, ಅವರನ್ನು ದಾರಿಯಲ್ಲಿ ಮಾತಾಡಿಸಿಕೊಂಡು ಹೋಗೋಣ ಎನ್ನಿಸಿತು.

ತಡಸ ದಾಟಿ ಶಿಗ್ಗಾಂವಿಯಲ್ಲಿ ಇಳಿದಾಗ ರೈತ ಬಸವಣ್ಣೆಪ್ಪ ಕಾದಿದ್ದರು. ಚಹಾ ಹೇಳಿ, "ನಾವು ಹತ್ತ ಮಂದಿ ಕೂಡಿ ರತ್ನವ್ವಗ ಸಂಚಕಾರ ಕೊಟ್ಟೇವ್ರಿ" ಎಂದರು.

ನಾನು ಹುಟ್ಟಿ ಬೆಳೆದದ್ದು ಮೈಸೂರು ಕಡೆ, ಧಾರವಾಡಕ್ಕೆ ಬಂದು ವರ್ಷವಾಗಿದೆ ಅಷ್ಟೆ. ನಮ್ಮಲ್ಲಿ ಸಂಚಕಾರ ಎಂದರೆ ಕೇಡು. ಚಹಾ ನೆತ್ತಿಗೇರಿತು. "ಪಾಪ, ಆಕೆ ನಿಮಗೇನು ಮಾಡಿದ್ದಳು?" ಎಂದುಬಿಟ್ಟೆ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಕೇಡಲ್ರಿ ಮ್ಯಾಡಮ್ಮಾರ, ರೊಕ್ಕ! ಅಗಿ ನಮಗ ಇಡವಾ ಅಂತ ಮೊದಲ ಕೊಡೂ ರೊಕ್ಕ."

ನಾವು ಕಾಗದದಲ್ಲಿ ಮುಂಗಡ ಎಂದು ಬರೆಯುವುದು ಇದನ್ನೇ. ಮೂವತ್ತು ವರ್ಷ ಬ್ಯಾಂಕಿನಲ್ಲಿದ್ದವಳಿಗೆ ಇಷ್ಟು ಗೊತ್ತಿರಲಿಲ್ಲ ಎಂದು ನನಗೇ ನಾಚಿಕೆಯಾಯಿತು.

ಸವಣೂರಿನಲ್ಲಿ ಅಲ್ಲಿನ ಹೆಸರುವಾಸಿ ಕುರುಕಲು ಖಾರದ ಪೊಟ್ಟಣ ಕಟ್ಟಿಸಿಕೊಂಡು, ಮೂವತ್ತು ರೂಪಾಯಿ ಕೊಟ್ಟು ಟಂಟಂ ಆಟೋ ಹತ್ತಿ ರೈತ ಹುಸೇನಸಾಬರ ಹೊಲಕ್ಕೆ ಹೋದೆ. ಅವರೂ ಸಂಚಕಾರ ಕೊಟ್ಟವರೇ. "ಚೀಟಿ ಬರೆಸ್ಕೊಂಡಿದ್ದೀರಾ?" ಎಂದೆ. "ಯಾಕ್ ಬೇಕ್ರಿ? ಹ್ವಾದ ವರ್ಷ ಎರಡ್ ಟ್ರೇ ಅಗಿ ಬಾಡಿದ್ವು. ನಾ ಕೇಳೂಕಿಂತ ಮೊದಲ ಬ್ಯಾರೆ ಕಳಿಸಿದ್ಲು" ಎಂದರು. ಸಂಜೆ ಹಾನಗಲ್ಲಿನಲ್ಲಿ ಮಳೆ ಹನಿಯಿತು. ಅಲ್ಲಿ ಸಿಕ್ಕ ಇಬ್ಬರು ರೈತರದೂ ಅದೇ ಮಾತು. ಇಂಥ ಗಿರಾಕಿಗಳಿರುವಾಕೆ ಅರ್ಧ ಪಾಲು ಬಿಟ್ಟುಕೊಡುವುದೇಕೆ ಎನ್ನಿಸಿ, ಲಾಡ್ಜಿಗೆ ಬಂದು, ಬರೆದಿಟ್ಟಿದ್ದ ಸಲಹೆಯನ್ನು ಹರಿದು ಹಾಕಿದೆ.

ಮರುದಿನ ಚಿಕ್ಕೇರೂರಿನಲ್ಲಿ ರತ್ನವ್ವ ಬಿಸಿ ರೊಟ್ಟಿ, ಕೆಂಪು ಮೆಣಸಿನಕಾಯಿ ಅರೆದ ರಂಜಕ ಬಡಿಸಿದಳು. ಕಣ್ಣಲ್ಲಿ ನೀರು ಬರುವಷ್ಟು ಖಾರ, ಆದರೂ ಎರಡನೇ ರೊಟ್ಟಿ ಕೇಳಿದೆ. ಸಂಚಕಾರದ ವಿಷಯ ನನಗೇಕೆ ಹೇಳಲಿಲ್ಲ ಎಂದು ತರಾಟೆಗೆ ತೆಗೆದುಕೊಂಡಾಗ ಆಕೆ ಬೆರಗಾದಳು. "ಅದೇನ್ ಬಂಡವಾಳ ಏನ್ರೀ? ಮಂದಿ ನಂಬಿಗಿ ಅದು."

"ಬ್ಯಾಂಕಿಗೆ ಬೇಕಾದದ್ದೂ ಅದೇ" ಎಂದೆ. ನೆರಳುಮನೆಯ ನೆಲದಲ್ಲೇ ಕೂತು ಲೆಕ್ಕ ಹಾಕಿದೆವು. ಸಂಚಕಾರದ ಹಣ ಬೀಜಕ್ಕೆ, ಟ್ರೇಯಲ್ಲಿ ಮಣ್ಣಿನ ಬದಲು ತುಂಬುವ ತೆಂಗಿನ ನಾರಿನ ಪುಡಿಗೆ ಮಾತ್ರ. ಅದರಿಂದ ಕಟ್ಟಡಕ್ಕೆ ಒಂದು ಪೈಸೆಯೂ ಇಲ್ಲ. ಈ ವರ್ಷ ಒಂದೇ ನೆರಳುಮನೆ, ಅದಕ್ಕೆ ಬ್ಯಾಂಕ್ ಸಾಲ. ಎರಡನೆಯದು ಲಾಭ ಬಂದ ಮೇಲೆ. ಪಾಲುದಾರರು ಬೇಡ. ಆಕೆ ತಕ್ಷಣ ವ್ಯಾಪಾರಿಗೆ ಫೋನ್ ಮಾಡಿ, "ಬ್ಯಾಡ್ರಿ, ಬೋರ್ಡಿನ ಮ್ಯಾಲೆ ನನ್ನ ಹೆಸರ ಇರ್ಲಿ" ಎಂದಳು. ನನಗೆ ಚಪ್ಪಾಳೆ ತಟ್ಟುವಷ್ಟು ಸಂತೋಷವಾಯಿತು.

ನಾಲ್ಕು ತಾಲ್ಲೂಕಿನ ರೈತರ ಬೇಡಿಕೆಯ ಪಟ್ಟಿ ಮಾಡಿಕೊಂಡು ಮಧ್ಯಾಹ್ನ ಹಿರೇಕೆರೂರಿನ ಬ್ಯಾಂಕಿಗೆ ಹೋದೆವು. ಮ್ಯಾನೇಜರ ಎದುರು ನನಗೆ ಕುರ್ಚಿ ಸಿಕ್ಕಿತು. ರತ್ನವ್ವ ಗೋಡೆಗೆ ಆತು ನಿಂತಳು. ನಾನು ಅರ್ಜಿ ತುಂಬುತ್ತಿದ್ದೆ. ಉದ್ಯೋಗ ಎಂಬಲ್ಲಿಗೆ ಬಂದಾಗ, "ನರ್ಸರಿ ಮಾಲೀಕಳು ಅಂತ ಬರೀಲಾ?" ಎಂದೆ.

ಆಕೆ ಹೇಳಿದಳು: "ಮಾಲಕರು ಅಂತ ಬರೀರಿ. ನಮ್ಮಪ್ಪ ಸಾಯೂ ಮಟ ಮಂದಿ ಹೊಲದಾಗ ಅಗಿ ಹಚ್ಚಿದಾ. ಒಬ್ರೂ ಅವಗ ‘ರೀ’ ಅಂದಿದ್ದಿಲ್ರಿ."

ಹಾಗೆಯೇ ಬರೆದೆ. ಮ್ಯಾನೇಜರು ಪಟ್ಟಿ ತಿರುವಿ ನೋಡಿದರು, ಅರ್ಜಿ ಓದಿದರು. ಆಮೇಲೆ ತಲೆಯೆತ್ತಿ, ಇನ್ನೊಂದು ಕುರ್ಚಿ ತಾವೇ ಎಳೆದು, "ಕುಂದರ್ರಿ, ರತ್ನವ್ವಾರ. ಯಾವಾಗ ಬರ್ಲಿ ನಿಮ್ಮ ನರ್ಸರಿ ನೋಡಾಕ?" ಎಂದರು.

ರತ್ನವ್ವನವರು ಕುಳಿತರು.