ಚೀಲ ಕೊಡವಿದ ಕೋಣೆ

ಏನು ಕೆಲಸ ಎಂದು ಯಾರೇ ಕೇಳಲಿ, ಟೈಲರಮ್ಮನ ಉತ್ತರ ಸಿದ್ಧವಾಗಿರುತ್ತಿತ್ತು: ಹೊಲಿಗೆ. ಮಗಳ ಶಾಲೆಯ ಅರ್ಜಿಯಲ್ಲಿ ಅದೇ, ಬೀಗರ ಮುಂದೆಯೂ ಅದೇ. ಪೂರ್ತಿ ಸುಳ್ಳೇನೂ ಅಲ್ಲ ಬಿಡಿ, ಸೂಜಿ ದಾರ ಹಿಡಿದೇ ಸಂಸಾರ ತೂಗಿಸಿದವಳು. ಏನನ್ನು ಹೊಲಿಯುತ್ತಿದ್ದಳು ಎಂದು ಯಾರೂ ಕೆದಕಲಿಲ್ಲ, ಅವಳೂ ಬಾಯಿ ಬಿಡಲಿಲ್ಲ.

ಅರವತ್ತೇಳನೆಯ ವಯಸ್ಸಿನಲ್ಲಿ ಅವಳ ಬಲ ಎದೆಯಲ್ಲಿ ನೀರು ತುಂಬಿಕೊಂಡಿತು. ಮೊದಲು ಮೆಟ್ಟಿಲು ಹತ್ತಿದರೆ ಏದುಸಿರು, ಆಮೇಲೆ ಕೂತಲ್ಲೇ ಏದುಸಿರು. ಹತ್ತಿರದ ಆಸ್ಪತ್ರೆಯಲ್ಲಿ ಬೆನ್ನಿಗೆ ಸೂಜಿ ಚುಚ್ಚಿ ಒಂದೂವರೆ ಲೀಟರ್ ತೆಗೆದರು. ಕಫದಲ್ಲಿ ಕ್ಷಯದ ರೋಗಾಣು ಕಾಣಲಿಲ್ಲ, ಆದರೂ ಕ್ಷಯವೇ ಇರಬೇಕೆಂದು ಆರು ತಿಂಗಳ ಮಾತ್ರೆ ಬರೆದರು. ಅವಳು ಒಂದು ದಿನವೂ ತಪ್ಪಿಸದೆ ನುಂಗಿದಳು. ಬಾಯಿರುಚಿ ಕೆಟ್ಟಿತು, ಮೈ ಇಳಿಯಿತು, ನೀರು ಮಾತ್ರ ಜಗ್ಗಲಿಲ್ಲ. ಮೂರನೆಯ ಸಲ ತೆಗೆಯುವಾಗ, ಜೀವಮಾನವಿಡೀ ಚುಚ್ಚಿದ್ದಕ್ಕೆ ಸೂಜಿ ಈಗ ಸೇಡು ತೀರಿಸಿಕೊಳ್ಳುತ್ತಿದೆ ಎಂದು ನರ್ಸಿಗೆ ತಮಾಷೆ ಮಾಡಿದಳು. ನಗಲು ಉಸಿರು ಸಾಲದೆ ಅರ್ಧಕ್ಕೇ ನಿಲ್ಲಿಸಿದಳು.

ಆಗ ಮಗಳು ಹಟ ಹಿಡಿದು ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಅಲ್ಲಿನ ಎದೆರೋಗದ ಡಾಕ್ಟರಮ್ಮ ಮಾತು ಕಡಿಮೆಯ ಹೆಂಗಸು. ಸ್ಕ್ಯಾನ್ ಮಾಡಿಸಿದರು, ಪಕ್ಕೆಲುಬಿನ ಸಂದಿಯಿಂದ ಕೊಳವೆ ಇಳಿಸಿ ಶ್ವಾಸಕೋಶದ ಹೊದಿಕೆಯ ಚೂರು ತೆಗೆದು ಲ್ಯಾಬಿಗೆ ಕಳಿಸಿದರು. ಹತ್ತು ದಿನದ ಮೇಲೆ ತಾಯಿ ಮಗಳನ್ನು ಎದುರಿಗೆ ಕೂರಿಸಿಕೊಂಡು, ಚೂರಿನಲ್ಲಿ ಕ್ಯಾನ್ಸರ್ ಇದೆ ಎಂದರು. ಮಗಳ ಕೈಯಲ್ಲಿದ್ದ ಫೈಲು ಜಾರಿ ಬಿತ್ತು.

ಆದರೆ ಯಾವ ಕ್ಯಾನ್ಸರ್ ಎಂಬುದೇ ಇನ್ನೂ ಇತ್ಯರ್ಥವಾಗಿರಲಿಲ್ಲ. ಬೇರೆಲ್ಲೋ ಹುಟ್ಟಿ ಹೊದಿಕೆಗೆ ಹಬ್ಬಿದ್ದೋ, ಹೊದಿಕೆಯಲ್ಲೇ ಹುಟ್ಟಿದ್ದೋ? ಎರಡೂ ಸೂಕ್ಷ್ಮದರ್ಶಕದಲ್ಲಿ ಒಂದೇ ಥರ ಕಾಣುತ್ತವಂತೆ, ಒಂದರ ಔಷಧಿ ಇನ್ನೊಂದಕ್ಕೆ ಆಗುವುದಿಲ್ಲವಂತೆ. ತಪ್ಪು ಮಾತ್ರೆಯಲ್ಲಿ ಆಗಲೇ ಆರು ತಿಂಗಳು ಹಾಳಾಗಿತ್ತು. ಇನ್ನೊಮ್ಮೆ ತಪ್ಪಿದರೆ ಉಳಿದಿರುವ ದಿನಗಳೂ ಹೋದಂತೆಯೇ.

ಡಾಕ್ಟರಮ್ಮ ಸ್ಕ್ಯಾನಿನ ಫಿಲಂ ಅನ್ನು ಬೆಳಕಿಗೆ ಹಿಡಿದರು. ಎದೆಯ ಎರಡೂ ಬದಿಯ ಅಂಚಿನಲ್ಲಿ ಸುಣ್ಣ ಮೆತ್ತಿದಂತೆ ಬಿಳಿ ಕಲೆಗಳಿದ್ದವು.

"ಈ ಕಲೆ ಬಟ್ಟೆ ಹೊಲಿಯೋರಿಗೆ ಬರಲ್ಲಮ್ಮ. ಆಸ್ಬೆಸ್ಟಾಸ್ ಧೂಳು ಕುಡಿದೋರಿಗೆ ಬರುತ್ತೆ, ಅದೂ ಮೂವತ್ತು ನಲವತ್ತು ವರ್ಷ ಆದ್ಮೇಲೆ. ನೀವು ಏನು ಹೊಲೀತಿದ್ರಿ?"

ಟೈಲರಮ್ಮ ನೆಲ ನೋಡಿದಳು. ನಾಚಿಕೆಗೆಟ್ಟ ನಾಚಿಕೆ ಇದು, ಜೀವ ಹೋಗುವಾಗಲೂ ಮಾನ ಕಾಯುತ್ತದೆ.

"ಚೀಲ," ಎಂದಳು. "ಹಳೇ ಗೋಣಿಚೀಲ."

ಒಮ್ಮೆ ಶುರುವಾದ ಮೇಲೆ ಮಾತು ತಾನೇ ಬಂತು. ಬೀದಿಯ ಕೊನೆಯಲ್ಲಿ ಚಾವಣಿ ಶೀಟಿನ ಕಾರ್ಖಾನೆಯಿತ್ತು. ಕಲ್ನಾರು, ಅದೇ ಆಸ್ಬೆಸ್ಟಾಸ್, ತುಂಬಿ ಬಂದ ಚೀಲಗಳು ಖಾಲಿಯಾದ ಮೇಲೆ ಗಾಡಿಯಲ್ಲಿ ಇವಳ ಮನೆಗೆ ಬರುತ್ತಿದ್ದವು. ನೀರು ತಾಗಿಸಿದರೆ ಗೋಣಿ ಕೊಳೆಯುತ್ತದೆಂದು ಒಣಗಿದ್ದನ್ನೇ ಒಳಹೊರಗು ಮಾಡಿ, ಕೋಲಿನಿಂದ ಬಡಿದು, ಕೊಡವಿ, ತೂತಿಗೆ ತೇಪೆ ಹಾಕಿ ಕಾಳಿನ ಅಂಗಡಿಗಳಿಗೆ ಕೊಡುತ್ತಿದ್ದಳು. ಹನ್ನೊಂದು ವರ್ಷ. ಸಂಜೆಯ ಹೊತ್ತಿಗೆ ಹುಬ್ಬು, ರೆಪ್ಪೆ ಎಲ್ಲ ಬಿಳಿ. ಮೂವತ್ತಕ್ಕೇ ಮುದುಕಿಯಾದೆ ಎಂದು ಗಂಡ ರೇಗಿಸುತ್ತಿದ್ದ.

"ಬಯಲಲ್ಲಿ ಕೊಡವ್ತಿದ್ರಾ?"

ಬಯಲಲ್ಲಿ ಹೇಗೆ ಕೊಡವುವುದು? ಓಣಿಯುದ್ದಕ್ಕೂ ನೆರೆಯವರ ಬಟ್ಟೆ ಒಣಗುತ್ತಿರುತ್ತಿದ್ದವು. ಅವರ ಬಾಯಿಗೆ ಬೀಳಬಾರದೆಂದು ಟೈಲರಮ್ಮ ಬಾಗಿಲು ಹಾಕಿ, ಕಿಟಕಿ ಮುಚ್ಚಿ, ಸಂದಿಗೂ ಚಿಂದಿ ತುರುಕಿ ಒಳಗೇ ಬಡಿಯುತ್ತಿದ್ದಳು. ಎಷ್ಟು ಅಚ್ಚುಕಟ್ಟಿನ ಹೆಂಗಸು ಎಂದು ಓಣಿಯವರೆಲ್ಲ ಹೊಗಳಿದ್ದರು. ಆ ಹೊಗಳಿಕೆಗೆ ಬೆಂಕಿ ಬೀಳಲಿ.

ಡಾಕ್ಟರಮ್ಮ ಎಲ್ಲವನ್ನೂ ಬರೆದುಕೊಂಡರು. ಲ್ಯಾಬಿಗೆ ಈಗಲೇ ಫೋನ್ ಮಾಡುತ್ತೇನೆ, ಹೊದಿಕೆಯ ಕ್ಯಾನ್ಸರನ್ನು ಗುರುತಿಸುವ ಪರೀಕ್ಷೆಗಳನ್ನೇ ಮೊದಲು ಮಾಡಲಿ ಎಂದರು. ಪೆನ್ನು ಮುಚ್ಚಲು ಹೋದವರು ನಿಲ್ಲಿಸಿದರು.

"ಕೋಣೆ ಒಳಗೆ ನಿಮ್ಮ ಜೊತೆ ಯಾರಾದ್ರೂ ಇರ್ತಿದ್ರಾ?"

ಟೈಲರಮ್ಮ ಪಕ್ಕಕ್ಕೆ ತಿರುಗಿದಳು. ಮಗಳು ಬಗ್ಗಿ, ಫೈಲಿನಿಂದ ಬಿದ್ದ ಕಾಗದಗಳನ್ನು ಇನ್ನೂ ಆಯುತ್ತಿದ್ದಳು. ಅವಳ ಲಕ್ಷ್ಯವೆಲ್ಲ ಅಮ್ಮನ ಕಾಯಿಲೆಯ ಮೇಲೆ. ಆ ಮಗಳಿಗೆ ಮೂರು ವರ್ಷವಾದಾಗಿನಿಂದ ಒಂಬತ್ತಾಗುವವರೆಗೆ, ಬಾಗಿಲು ಹಾಕಿದರೆ ಮಗು ಹೊರಗೆ ಒಂಟಿಯಾಗುತ್ತದೆಂದು ಒಳಗೇ ಇಟ್ಟುಕೊಂಡಿದ್ದಳು. ಚೀಲದ ರಾಶಿಯ ಮೇಲೆ ಕುಣಿದು, ಧೂಳೆದ್ದಾಗ ಚಪ್ಪಾಳೆ ತಟ್ಟಿ ನಗುತ್ತಿದ್ದ ಮಗು. ಯಾರೂ ಇರಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಇಷ್ಟು ವರ್ಷ ಮುಚ್ಚಿಟ್ಟವಳಿಗೆ ಇನ್ನೊಂದು ಮುಚ್ಚಿಡುವುದೇನು ಕಷ್ಟ? ಮಗಳು ಇವತ್ತೊಂದು ರಾತ್ರಿಯಾದರೂ ನೆಮ್ಮದಿಯಿಂದ ಮಲಗಿಯಾಳು.

ಅವಳು ಮಗಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು.

"ಇವಳಿದ್ಲು," ಎಂದಳು. "ನಂದು ಆಮೇಲೆ ನೋಡಿ ಡಾಕ್ಟ್ರೇ. ಮೊದಲು ಇವಳ ಎದೆ ನೋಡಿ."

ಮಗಳು ತಲೆ ಎತ್ತಿದಳು. ಡಾಕ್ಟರಮ್ಮ ಹೊಸದೊಂದು ಹಾಳೆ ಎಳೆದುಕೊಂಡು ಅವಳ ವಯಸ್ಸು ಕೇಳಿದರು.